ಬಿಲ್ಲಿನ ಮೇಲಿನ ಉಗುರುಗೀರು

ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಆಕೆಗೆ ಮೂವತ್ತರ ಆಸುಪಾಸು. ದೊಡ್ಡ ಬಟ್ಟೆ ಅಂಗಡಿಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಆರು ವರ್ಷದಿಂದ ಕೆಲಸ. ಮನೆ ಖರ್ಚಿನ ಅರ್ಧ ಭಾರ ಆ ಸಂಬಳದ ಮೇಲಿದೆ. ಚಿತ್ರ ಬಿಡಿಸುವುದೆಂದರೆ ಚಿಕ್ಕಂದಿನಿಂದ ಪ್ರಾಣ. ಕೆಲಸ ಬಿಟ್ಟು ಅದನ್ನೇ ಹಿಡಿಯಲೇ ಎಂಬುದು ಆಕೆಯ ಸಂಕಟ. ಇಷ್ಟು ಹಿನ್ನೆಲೆ ಸಾಕು. ಇಂಥ ಸಂಕಟ ಹೊತ್ತವರು ಆಪ್ತಸಮಾಲೋಚಕಿಯಾದ ನನ್ನ ಬಳಿ ಆಗಾಗ ಬರುತ್ತಲೇ ಇರುತ್ತಾರೆ. ಒಬ್ಬರಿಗೆ ಕ್ಯಾಮೆರಾ, ಇನ್ನೊಬ್ಬರಿಗೆ ಹಾಡು, ಅಷ್ಟೇ ವ್ಯತ್ಯಾಸ.

ಮೊದಲೆರಡು ಭೇಟಿ ಅಂಗಡಿಯನ್ನು ಬೈಯುವುದರಲ್ಲೇ ಮುಗಿದವು. ನಾನು ತಡೆಯಲಿಲ್ಲ. "ಬೈದವರಿಗೂ ನಗ್ತಾ ಥ್ಯಾಂಕ್ಸ್ ಹೇಳ್ಬೇಕು ಮೇಡಂ. ಮನೆಗೆ ಹೋಗಿ ಎರಡು ಗಂಟೆಯಾದ್ರೂ ದವಡೆ ಸಡಿಲ ಆಗಲ್ಲ" ಎಂದಿದ್ದರು. ಇದು ಸೋಮಾರಿತನವಲ್ಲ. ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಶೀಲ್ಡ್ 1983ರಲ್ಲೇ ವಿಮಾನದ ಪರಿಚಾರಕಿಯರನ್ನು ಗಮನಿಸಿ ಇದನ್ನು 'ಭಾವನಾತ್ಮಕ ದುಡಿಮೆ' ಎಂದು ಕರೆದರು. ನಿಂತು ನಿಂತು ಕಾಲು ನೋಯುವುದು ಎಲ್ಲರಿಗೂ ಅರ್ಥವಾಗುತ್ತದೆ, ನಕ್ಕು ನಕ್ಕು ಸುಸ್ತಾಗುವುದು ಮನೆಯವರಿಗೂ ಅರ್ಥವಾಗುವುದಿಲ್ಲ.

ಮೂರನೆಯ ಭೇಟಿಗೆ ರಾಜೀನಾಮೆ ಪತ್ರವನ್ನು ಫೋನಿನಲ್ಲಿ ಬರೆದುಕೊಂಡೇ ಬಂದಿದ್ದರು. ತೋರಿಸಲೆಂದು ಫೋನ್ ತೆಗೆದಾಗ ಚೀಲದಿಂದ ಬಿಲ್ಲುಗಳ ಒಂದು ಕಟ್ಟು ಜಾರಿ ಬಿತ್ತು. ಗಿರಾಕಿಗಳು ಬೇಡವೆಂದು ಬಿಟ್ಟುಹೋದ ಬಿಲ್ಲುಗಳು. ಒಂದೊಂದರ ಅಂಚಿನಲ್ಲೂ ಪುಟ್ಟ ಚಿತ್ರ: ಕ್ಯೂನಲ್ಲಿ ತೂಕಡಿಸುವ ಮುದುಕ, ಟ್ರಾಲಿಯೊಳಗಿಂದ ಇಣುಕುವ ಮಗು. ಪೆನ್ನು ಮುಟ್ಟಿರಲಿಲ್ಲ. ಬಿಲ್ಲಿನ ಥರ್ಮಲ್ ಕಾಗದ ಬಿಸಿಗೆ ಕಪ್ಪಾಗುತ್ತದೆ. ಉಗುರಿನಿಂದ ರಭಸವಾಗಿ ಗೀರಿದರೆ ಆ ತಿಕ್ಕಾಟದ ಬಿಸಿಯೇ ಸಾಕು, ಗೆರೆ ಮೂಡುತ್ತದೆ. ಹಳೆಯವು ಮಾಸಿಹೋಗಿದ್ದವು.

"ನಾನೂ ಹೀಗೇ ಮಾಸ್ತಾ ಇದೀನಿ ಅನ್ಸುತ್ತೆ" ಅಂದರು.

ಆ ಮಾತಿಗೆ ಕರಗಿ "ಬಿಟ್ಟುಬಿಡಿ" ಅನ್ನುವುದು ಸುಲಭವಿತ್ತು. ನನ್ನ ಕಣ್ಣು ಬಿಲ್ಲಿನ ತಾರೀಖುಗಳ ಮೇಲಿತ್ತು. "ಇವೆಲ್ಲ ಡ್ಯೂಟಿ ದಿನದವು. ರಜೆ ದಿನ ಬಿಡಿಸಿದ್ದು ಎಲ್ಲಿ?" ಎಂದು ಕೇಳಿದೆ.

ತುಂಬ ಹೊತ್ತು ಮಾತಿಲ್ಲ. ಆಮೇಲೆ: "ಇಲ್ಲ ಮೇಡಂ. ಅವತ್ತು ಬಣ್ಣ ಎಲ್ಲ ಹರಡ್ಕೊಂಡು ಕೂರ್ತೀನಿ. ಇದನ್ನ ಯಾರಾದ್ರೂ ದುಡ್ಡು ಕೊಟ್ಟು ತಗೋತಾರಾ ಅಂತ ಯೋಚ್ನೆ ಬರುತ್ತೆ. ಎತ್ತಿಟ್ಟುಬಿಡ್ತೀನಿ."

ಅಂದರೆ ಕೌಂಟರು ಆಕೆಯ ಡ್ರಾಯಿಂಗ್ ಹಾಳೆಯ ಮೇಲೂ ಬಂದು ಕೂತಿತ್ತು. 1973ರಲ್ಲಿ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪರ್ ಮತ್ತು ಸಂಗಡಿಗರು ಚಿತ್ರ ಬಿಡಿಸುವುದೆಂದರೆ ಇಷ್ಟವಿದ್ದ ಪುಟ್ಟ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಬಹುಮಾನ ಕೊಡುತ್ತೇವೆಂದು ಮೊದಲೇ ಹೇಳಿಸಿಕೊಂಡು ಬಣ್ಣದ ಪೆನ್ನುಗಳಿಂದ ಚಿತ್ರ ಬಿಡಿಸಿದ ಮಕ್ಕಳು ಒಂದೆರಡು ವಾರಗಳ ಬಳಿಕ ಅದೇ ಪೆನ್ನುಗಳನ್ನು ಉಳಿದವರಷ್ಟು ಮುಟ್ಟಲಿಲ್ಲ. ಹೇಳದೆ ಬಹುಮಾನ ಕೊಟ್ಟ ಮಕ್ಕಳಲ್ಲಿ ಆಸಕ್ತಿ ಹಾಗೆ ಕುಗ್ಗಲಿಲ್ಲ. ದುಡ್ಡು ಕಲೆಯನ್ನು ಕೆಡಿಸುತ್ತದೆಂದು ನಾನು ಹೇಳುತ್ತಿಲ್ಲ. ಗೆರೆ ಎಳೆಯುವ ಮೊದಲೇ ಬೆಲೆ ಎಣಿಸತೊಡಗಿದರೆ ಕೈ ಏಳುವುದಿಲ್ಲ ಎಂಬುದಷ್ಟೇ ನನ್ನ ಅನುಭವ. ಕೆಲಸ ಬಿಟ್ಟಿದ್ದರೆ ವಾರದ ಏಳೂ ದಿನ ಆ ರಜೆ ದಿನದಂತೆಯೇ ಆಗಿಬಿಡುತ್ತಿದ್ದವು, ಸಂಬಳವೊಂದು ಇರುತ್ತಿರಲಿಲ್ಲ.

ಪತ್ರವನ್ನು ಅಳಿಸಬೇಡಿ, ಕಳಿಸಲೂ ಬೇಡಿ ಎಂದೆ. ವಾರವಾರ ಬದಲಾಗುವ ಶಿಫ್ಟು ಯಾವ ಅಭ್ಯಾಸವನ್ನೂ ಊರಲು ಬಿಡುವುದಿಲ್ಲ, ಹಾಗಾಗಿ ಮೊದಲು ಒಂದೇ ಶಿಫ್ಟು ಕೇಳಿ ಪಡೆಯಿರಿ. ಡ್ಯೂಟಿಗೆ ಹೋಗುವ ಮುಂಚೆ ಅರ್ಧ ಗಂಟೆ ಚಿತ್ರ. ಅವು ಯಾವತ್ತೂ ಮಾರಾಟಕ್ಕಲ್ಲ. ಅದರ ಪಾಡಿಗೆ ಬೇರೆಯಾಗಿ, ತಿಂಗಳಿಗೊಮ್ಮೆ ಪರಿಚಯವಿಲ್ಲದ ಒಬ್ಬರಿಗೆ ಬೆಲೆ, ಗಡುವು ಎಲ್ಲ ಮಾತಾಡಿಕೊಂಡು ಒಂದು ಚಿತ್ರ ಮಾಡಿಕೊಡಿ. ಕಲೆಯಿಂದ ಬದುಕುವುದೆಂದರೆ ಅದರಲ್ಲೂ ಗಿರಾಕಿ ಇರುತ್ತಾನೆ. ಆ ವ್ಯಾಪಾರ ನಿಮಗೆ ಸೇರುತ್ತದೋ ಇಲ್ಲವೋ ನೋಡಿಕೊಳ್ಳಿ. ಉಳಿತಾಯದಲ್ಲಿ ಮನೆ ಎಷ್ಟು ತಿಂಗಳು ನಡೆಯುತ್ತದೆಂದು ಲೆಕ್ಕ ಹಾಕಿದ ಮೇಲೆ ಪತ್ರಕ್ಕೆ ತಾರೀಖು ಬರೆಯಿರಿ.

ನನ್ನ ಸಹೋದ್ಯೋಗಿಯೊಬ್ಬರು "ನೀವು ಅಂಗಡಿ ಮಾಲೀಕರ ಕಡೆಯವರಾ?" ಎಂದು ಕೇಳಿದರು. ನಕ್ಕರೂ ಒಳಗೆ ಚುಚ್ಚಿತು. ಅಲ್ಲಿ ಕಿರುಕುಳವಿದ್ದಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ ಮೊದಲು ಹೊರಗೆ ಬನ್ನಿ ಎಂದೇ ಹೇಳುತ್ತಿದ್ದೆ. ಕಾದಂಬರಿಕಾರ ಕಾಫ್ಕಾ ವಿಮಾ ಕಚೇರಿಯಲ್ಲಿ ಕೆಲಸ ಮಾಡುತ್ತಲೇ ಬರೆಯಲಿಲ್ಲವೇ ಎಂಬ ಉಪದೇಶವನ್ನೂ ನಾನು ಕೊಡುವುದಿಲ್ಲ. ಆತನ ಕೆಲಸ ಮಧ್ಯಾಹ್ನ ಎರಡಕ್ಕೆ ಮುಗಿಯುತ್ತಿತ್ತು, ಆದರೂ ಆತ ಗೋಳಾಡುತ್ತಿದ್ದ. ದಿನವಿಡೀ ನಿಂತೇ ಇರುವವರ ಮುಂದೆ ಆ ಮಾತು ಆಡಬಾರದು.

ಶಿಫ್ಟು ಪೂರ್ತಿ ಸಿಗಲಿಲ್ಲ, ವಾರಕ್ಕೆ ನಾಲ್ಕು ದಿನ ಸಿಕ್ಕಿತು. ಬೆಳಗಿನ ಅರ್ಧ ಗಂಟೆ ಎಷ್ಟೋ ದಿನ ತಪ್ಪಿತು. ಮೊದಲ ಆರ್ಡರು ಮುಗಿಸಿ ಬಂದಾಗ ಹೇಗಿತ್ತೆಂದು ಕೇಳಿದೆ.

"ಐದು ಸಲ ತಿದ್ದಿಸಿದ್ರು ಮೇಡಂ. ಸಿಟ್ಟು ಬಂತು. ಆದ್ರೆ ನಗಬೇಕಾಗಿರ್ಲಿಲ್ಲ."