ಮೂರು ಸಲ ಇಂಜೆಕ್ಷನ್ ಮಾಡಿಸಿದರೂ ಆಕಳು ಗಬ್ಬ ನಿಲ್ಲುತ್ತಿಲ್ಲ. ಬೆದೆ ಗೊತ್ತಾಗುವುದು ಹೇಗೆ?

ಅಂಕೋಲಾ ಹತ್ತಿರದ ಹಳ್ಳಿಯಿಂದ ನೀವು ಬರೆದದ್ದು ಓದಿದೆ. ಕೊಟ್ಟಿಗೆಯಲ್ಲಿ ಒಂದು ಎಚ್.ಎಫ್. ಕ್ರಾಸ್ (ಹೋಲ್‌ಸ್ಟೀನ್ ಫ್ರೀಸಿಯನ್ ಮಿಶ್ರತಳಿ) ಆಕಳು, ಇನ್ನೂ ಕರು ಹಾಕದ ಒಂದು ಕಡಸು. ಆಕಳು ಕರು ಹಾಕಿ 6 ತಿಂಗಳಾಯಿತು. 3 ಸಲ ಇಂಜೆಕ್ಷನ್, ಅಂದರೆ ಹೋರಿಯ ಬೀಜ ಒಳಗೆ ಬಿಡುವ ಕೃತಕ ಗರ್ಭಧಾರಣೆ ಮಾಡಿಸಿದ್ದೀರಿ, ಒಮ್ಮೆಯೂ ಗಬ್ಬ ನಿಂತಿಲ್ಲ. ಬೆದೆಗೆ ಬಂದಾಗ, ಅಂದರೆ ಹೋರಿ ಬಯಸುವ ಹೊತ್ತಲ್ಲಿ, ಅದು ಕೂಗುವುದೇ ಇಲ್ಲ ಅಂತೀರಿ. ಈ ತಿಂಗಳು 6ಕ್ಕೆ ಬೆಳಿಗ್ಗೆ ಬಾಲದ ಹತ್ತಿರ ರಕ್ತ ಕಂಡು ಫೋನ್ ಮಾಡಿದರೆ ಡಾಕ್ಟರು ‘ಈಗ ಬೇಡ’ ಅಂದರು. ಯಾಕೆ ಹಾಗಂದರು ಅಂತ ನಿಮಗೆ ಬೇಸರ.

ಡಾಕ್ಟರು ಹೇಳಿದ್ದು ಸರಿ ಇದೆ. ರಕ್ತ ಕಾಣುವುದು ಬೆದೆ ಮುಗಿದ ಮೇಲೆ, ಸಾಮಾನ್ಯವಾಗಿ 1ರಿಂದ 3 ದಿನದೊಳಗೆ. ಆ ಹೊತ್ತಿಗೆ ಇಂಜೆಕ್ಷನ್ ಮಾಡಿಸಿದರೆ ದುಡ್ಡು ದಂಡ. ಹಾಗಂತ ರಕ್ತ ಬಂದರೆ ಗಬ್ಬ ನಿಂತಿಲ್ಲ ಅಂತಲೂ ಅಲ್ಲ. ಸರಿಯಾದ ಹೊತ್ತಿಗೆ ಇಂಜೆಕ್ಷನ್ ಆದ ಆಕಳಿಗೂ ರಕ್ತ ಬರಬಹುದು. ಅದು ಹೇಳುವುದು ಒಂದೇ: ಬೆದೆ ಬಂದಿತ್ತು, ಹೋಯಿತು.

ನಾನು ಶಿರಸಿ ಕಡೆಯವಳು. ನಮ್ಮಲ್ಲಿ ನಾಡತಳಿಯ 2 ಮಲೆನಾಡು ಗಿಡ್ಡ, 3 ಕ್ರಾಸ್ ಆಕಳು. ನಿಮ್ಮದೇ ಕಷ್ಟ ನಮಗೂ ಆಗಿತ್ತು. ಗೌರಿ ಅಂತ ಒಂದು ಆಕಳು, 4 ಸಲ ಇಂಜೆಕ್ಷನ್ ಆದರೂ ನಿಲ್ಲಲಿಲ್ಲ. ಒಂದು ಬೆದೆ ತಪ್ಪಿದರೆ 21 ದಿನ ಸುಮ್ನೆ ಹಿಂಡಿ, ಹುಲ್ಲು ಹಾಕಿದ ಹಾಗೆ. ಬೀಜವೇ ಸರಿ ಇಲ್ಲ ಅಂತ ನಾನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ.

ಆಮೇಲೆ ಅಡಿಕೆ ಸುಲಿಯುವ ಕಾಲ ಬಂತು. ರಾತ್ರಿ 11ರ ತನಕ ಎಲ್ಲರೂ ಎದ್ದಿರುತ್ತೇವೆ. ಒಂದು ರಾತ್ರಿ ಅತ್ತೆ ಸುಲಿಯುತ್ತಾ ಸುಲಿಯುತ್ತಾ, "ಗೌರಿ ಇನ್ನೂ ಮಲಗಿಲ್ಲ, ಒಂದ್ಸಲ ನೋಡ್ಕೊಂಡು ಬಾ" ಅಂದರು. ಹೋಗಿ ನೋಡಿದೆ. ಉಳಿದವೆಲ್ಲ ಮಲಗಿ ಮೆಲುಕು ಹಾಕುತ್ತಿದ್ದವು. ಗೌರಿ ಒಂದೇ ನಿಂತಿತ್ತು, ಕಿವಿ ಆಡಿಸುತ್ತಾ, ಕಾಲು ಬದಲಿಸುತ್ತಾ. ಹಿಂದೆ ಬ್ಯಾಟರಿ ಬಿಟ್ಟರೆ ಮೊಟ್ಟೆಯ ಬಿಳಿಯಂಥ ಲೋಳೆ ದಾರದ ಹಾಗೆ ಜೋತಾಡುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಫೋನ್ ಮಾಡಿ ಕರೆಸಿದೆ. ಆ ಸಲ ಗಬ್ಬ ನಿಂತಿತು. ಅಲ್ಲಿಯ ತನಕ ನಾನು ಬೆಳಿಗ್ಗೆ 7ಕ್ಕೆ ಹಾಲು ಕರೆಯುವಾಗ ಲೋಳೆ ನೋಡಿ, ಈಗಷ್ಟೇ ಬೆದೆ ಶುರುವಾಯಿತು ಅಂದುಕೊಳ್ಳುತ್ತಿದ್ದೆ. ಅದು ಹಿಂದಿನ ಸಂಜೆಯೇ ಶುರುವಾಗಿರುತ್ತಿತ್ತು. ಇಂಜೆಕ್ಷನ್ ಮಾಡುವವರು ಮರುದಿನ ಮಧ್ಯಾಹ್ನ ಬರುತ್ತಿದ್ದರು. ಅಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು.

ಹೊತ್ತು ಇಷ್ಟು ಮುಖ್ಯ ಯಾಕೆ ಅಂದ್ರೆ, ಬೆದೆ ಇರುವುದು ಸುಮಾರು 12ರಿಂದ 18 ಗಂಟೆ. ಅದು ಮುಗಿದು 10-12 ಗಂಟೆ ಆದ ಮೇಲೆ ಅಂಡ ಹೊರಗೆ ಬರುತ್ತದೆ. ಅಂಡದ ಆಯಸ್ಸು ಕೆಲವೇ ಗಂಟೆ. ಬೀಜ ಒಳಗೆ ಹೋಗಿ ತಯಾರಾಗುವುದಕ್ಕೂ ಕೆಲವು ಗಂಟೆ ಬೇಕು, ಅದು ಬದುಕುವುದು ಸುಮಾರು ಒಂದು ದಿನ. ಹಾಗಾಗಿ ಅಂಡ ಬರುವ ಮೊದಲೇ ಬೀಜ ಅಲ್ಲಿ ಕಾಯುತ್ತಿರಬೇಕು. ಬೆದೆ ಬೆಳಿಗ್ಗೆ ಶುರುವಾದರೆ ಅದೇ ದಿನ ಸಂಜೆ, ಸಂಜೆ ಶುರುವಾದರೆ ಮರುದಿನ ಬೆಳಿಗ್ಗೆ ಇಂಜೆಕ್ಷನ್ ಅನ್ನುವ ಲೆಕ್ಕ ಇದರಿಂದಲೇ ಬಂದಿದ್ದು.

ಇನ್ನು ಗುರುತಿಸುವ ವಿಷಯ. ಎಲ್ಲಕ್ಕಿಂತ ಗಟ್ಟಿ ಗುರುತು, ಬೇರೆ ದನ ಮೇಲೆ ಹಾರಿದಾಗ ಕದಲದೆ ನಿಲ್ಲುವುದು. ಹಾರಿದ ದನಕ್ಕಿಂತ ನಿಂತ ದನವನ್ನು ನೋಡಬೇಕು. ಆದರೆ ನಮ್ಮ ಕಡೆ ದನ ಕುತ್ತಿಗೆಗೆ ಹಗ್ಗ ಹಾಕಿಸಿಕೊಂಡು ಇಡೀ ದಿನ ಕೊಟ್ಟಿಗೆಯಲ್ಲೇ ಇರುತ್ತದೆ. ಮಳೆಗಾಲದಲ್ಲಂತೂ ತಿಂಗಳುಗಟ್ಟಲೆ ಹೊರಗೆ ಬಿಡುವುದಿಲ್ಲ. ಕಟ್ಟಿದ ದನ ಹೇಗೆ ತೋರಿಸಬೇಕು ಹೇಳಿ? ನಿಮ್ಮ ಆಕಳು ಕೂಗದೇ ಇರುವುದು ಮೂಕ ಬೆದೆ (ಹೊರಗೆ ಗುರುತು ಕಾಣದ ಬೆದೆ) ಇರಬಹುದು, ಅಥವಾ ಅದಕ್ಕೆ ತೋರಿಸಲು ಜಾಗವೇ ಸಿಗದೆ ಇರಬಹುದು. ಬೆಳಿಗ್ಗೆ, ಸಂಜೆ 15-20 ನಿಮಿಷ ಆಕಳು, ಕಡಸು ಎರಡನ್ನೂ ಒಟ್ಟಿಗೆ ಬಿಚ್ಚಿ ಬಿಡಿ. ಮಣ್ಣಿನ ನೆಲದಲ್ಲೇ ಬಿಡಿ. ಪಾಚಿ ಕಟ್ಟಿದ ಅಂಗಳದಲ್ಲಿ, ಸಿಮೆಂಟಿನ ಮೇಲೆ ಜಾರುವ ಹೆದರಿಕೆಗೆ ದನ ಹಾರುವುದೇ ಇಲ್ಲ.

ಬಿಡಲು ಆಗದ ದಿನ ಹಿಂದಿನಿಂದಲೇ ನೋಡಬೇಕು. ಮಲಗಿದಾಗ ಹೊಟ್ಟೆ ಒತ್ತಿ ಲೋಳೆ ಹೊರಗೆ ಬರುತ್ತದೆ. ಹಾಗಾಗಿ ಬೆಳಿಗ್ಗೆ ಸಗಣಿ ಬಾಚುವ ಮೊದಲು ದನ ಮಲಗಿದ್ದ ಜಾಗ ನೋಡಿ. ಬಾಚಿದ ಮೇಲೆ ಗುರುತೇ ಸಿಗುವುದಿಲ್ಲ. ಬಾಲಕ್ಕೆ, ತೊಡೆಗೆ ಲೋಳೆ ಒಣಗಿ ಅಂಟಿ ಹೊಳೆಯುತ್ತಿರುತ್ತದೆ. ಯೋನಿ ಸ್ವಲ್ಪ ಊದಿ ಸುಕ್ಕು ಹೋಗಿರುತ್ತದೆ, ಒಳಗೆ ಕೆಂಪಾಗಿರುತ್ತದೆ. ಆಗಾಗ ಸ್ವಲ್ಪ ಸ್ವಲ್ಪ ಉಚ್ಚೆ ಹೊಯ್ಯುತ್ತದೆ. ಕಾರಣವಿಲ್ಲದೆ ಆ ಹೊತ್ತಿನ ಹಾಲು ಕಡಿಮೆಯಾಗುತ್ತದೆ. ಇದರಲ್ಲಿ ಒಂದೇ ಕಂಡರೆ ಅವಸರ ಬೇಡ, ಎರಡು ಮೂರು ಸೇರಿದರೆ ಫೋನ್ ಮಾಡಿ. ಲೋಳೆ ಮಾತ್ರ ನೀರಿನಷ್ಟು ತಿಳಿಯಾಗಿರಬೇಕು. ಬೆಳ್ಳಗೆ ಕೀವಿನ ಹಾಗೆ ಇದ್ದರೆ, ಕೆಟ್ಟ ವಾಸನೆ ಬಂದರೆ ಗರ್ಭಕೋಶದಲ್ಲಿ ಸೋಂಕು ಇರಬಹುದು. ಆಗ ಮೊದಲು ಔಷಧ, ಆಮೇಲೆ ಇಂಜೆಕ್ಷನ್.

ದಿನಕ್ಕೆ ಮೂರು ಸಲ ನೋಡಿ: ಬೆಳಿಗ್ಗೆ 5ರ ಸುಮಾರಿಗೆ, ಸಂಜೆ, ರಾತ್ರಿ ಮಲಗುವ ಮುಂಚೆ. ಮೇವು ಹಾಕುವ ಹೊತ್ತಲ್ಲಿ ನೋಡಿದರೆ ಉಪಯೋಗ ಕಡಿಮೆ, ಆಗ ಎಲ್ಲ ದನವೂ ಎದ್ದು ಗಡಿಬಿಡಿ ಮಾಡುತ್ತದೆ. ನಿಮ್ಮ ಕರಾವಳಿಯ ಸೆಕೆ ಇನ್ನೊಂದು ತೊಂದರೆ. ಏಪ್ರಿಲ್-ಮೇನಲ್ಲಿ ಬೆದೆ ಚಿಕ್ಕದಾಗುತ್ತದೆ, ತಂಪಾದ ಹೊತ್ತಲ್ಲಿ ಮಾತ್ರ ಕಾಣುತ್ತದೆ. ಕೊಟ್ಟಿಗೆಗೆ ತಗಡು ಹಾಕಿದ್ದರೆ ಒಂದು ಫ್ಯಾನ್ ಹಾಕಿಸಿ, ಕುಡಿಯುವ ನೀರು ಯಾವಾಗಲೂ ಎದುರಿಗೇ ಇರಲಿ.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡುವುದನ್ನು ದಯವಿಟ್ಟು ಇವತ್ತೇ ಶುರು ಮಾಡಿ. ಕರು ಹಾಕಿದ ದಿನ, ಪ್ರತಿ ಬೆದೆ, ರಕ್ತ ಕಂಡ ದಿನ, ಎಲ್ಲವೂ ಬೇಕು. ಇಂಜೆಕ್ಷನ್ ಮಾಡಿಸದ ಬೆದೆಯನ್ನೂ ಬರೆಯಿರಿ, ಮುಂದಿನದರ ಲೆಕ್ಕ ಸಿಗುವುದು ಅದರಿಂದಲೇ. ಚಕ್ರ 21 ದಿನ, ಹಿಂದೆ ಮುಂದೆ ಆದರೆ 18ರಿಂದ 24.

ಸರಿಯಾದ ಹೊತ್ತಿಗೆ ಮಾಡಿಸಿಯೂ ನಿಲ್ಲದಿದ್ದರೆ, ಅಥವಾ ಇಷ್ಟು ನೋಡಿಯೂ ಬೆದೆ ಕಾಣದಿದ್ದರೆ ಡಾಕ್ಟರು ಕೈ ಹಾಕಿ ಪರೀಕ್ಷೆ ಮಾಡಲಿ. ಬೆದೆ ಬರಿಸುವ ಔಷಧವೂ ಇದೆ. ಆದರೆ ಗಬ್ಬ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳದೆ ಅದನ್ನು ಕೊಡಿಸಬೇಡಿ, ಗಬ್ಬ ಇದ್ದರೆ ಕಂದು ಹಾಕುತ್ತದೆ. ಆಕಳು ಬಡಕಲಾಗಿದ್ದರೆ ಹಿಂಡಿ ಜೊತೆ ಖನಿಜ ಮಿಶ್ರಣವನ್ನೂ ಕೊಡಿ.

ಈಗ ನಿಮ್ಮ ಆಕಳಿನ ಲೆಕ್ಕ. 6ಕ್ಕೆ ರಕ್ತ ಕಂಡಿದ್ದರೆ ಬೆದೆ ಇದ್ದದ್ದು 4ರ ಆಸುಪಾಸು. ಮುಂದಿನದು 25ರ ಹೊತ್ತಿಗೆ ಬರಬೇಕು. 22ರ ರಾತ್ರಿಯಿಂದಲೇ ಬ್ಯಾಟರಿ ಹಿಡಿದು ಕೊಟ್ಟಿಗೆಗೆ ಹೋಗಿ, 28ರ ತನಕ ಒಂದು ದಿನವೂ ಬಿಡಬೇಡಿ. ಡಾಕ್ಟರಿಗೂ ಈ ತಾರೀಕು ಮೊದಲೇ ಹೇಳಿಡಿ, ಅವರು ಆ ದಿನಗಳಲ್ಲಿ ಊರಲ್ಲಿರುತ್ತಾರಾ ಅಂತ ಕೇಳಿಕೊಳ್ಳಿ. ಏನು ಕಂಡಿತು ಅಂತ ಇಲ್ಲೇ ಬರೆಯಿರಿ, ನಾನು ನೋಡುತ್ತಿರುತ್ತೇನೆ.