ಅಜ್ಜಿ ಕಲಿಸಿದ ಪಾಠ ಸುಳ್ಳೇ?

ಓದುಗರ ಪತ್ರ:
ಮಾನ್ಯ ಸಂಪಾದಕರಿಗೆ ನಮಸ್ಕಾರ. ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು ನಾನು. ಭೂಮಿಯನ್ನು ಮೊದಲು ಸುತ್ತಿದವನು ಮೆಗಲನ್ ಎಂದೇ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಮೊನ್ನೆ ಮೊಮ್ಮಗಳು ರಸಪ್ರಶ್ನೆಯಲ್ಲಿ ಅದನ್ನೇ ಹೇಳಿ ಸೋತು ಬಂದಳು. ಸರಿ ಉತ್ತರ 'ಎಲ್ಕಾನೊ' ಅಂತೆ. "ಅಜ್ಜಿ ಸುಳ್ಳು ಕಲಿಸಿದೆ" ಎಂದು ಮುನಿಸಿಕೊಂಡಿದ್ದಾಳೆ. ಯಾರು ಸರಿ? ತಾ.ಕ.: ಈ ಮೆಗಲನ್ ನಮ್ಮ ಕರಾವಳಿಗೆ ಬಂದಿದ್ದನೇ?
— ನಿವೃತ್ತ ಶಿಕ್ಷಕಿ, ಹೊನ್ನಾವರ ತಾಲ್ಲೂಕು

ಸಂಪಾದಕರ ಉತ್ತರ:
ಅಕ್ಕೋರೇ, ನಮಸ್ಕಾರ. ನಿಮ್ಮ ಕಡೆ ಶಿಕ್ಷಕಿಯರನ್ನು ಹೀಗೇ ಕರೆಯುತ್ತಾರೆಂದು ಗೊತ್ತಿರುವುದರಿಂದ ಈ ಸಲುಗೆ.

ರಸಪ್ರಶ್ನೆ ನಡೆಸಿದವರೇ ಸರಿ, ಮೊಮ್ಮಗಳಿಗೆ ಅಂಕ ಕೊಡಿಸುವುದು ನನ್ನಿಂದಾಗದು. ಫರ್ಡಿನಾಂಡ್ ಮೆಗಲನ್ ದಾರಿಯ ನಡುವೆ, 1521ರ ಏಪ್ರಿಲ್ 27ರಂದು, ಫಿಲಿಪ್ಪೀನ್ಸಿನ ಮ್ಯಾಕ್ಟನ್ ದ್ವೀಪದ ದಡದಲ್ಲಿ ಸತ್ತ. ಹಡಗನ್ನು ಸ್ಪೇನಿಗೆ ಮುಟ್ಟಿಸಿದವನು ಹುವಾನ್ ಸೆಬಾಸ್ಟಿಯನ್ ಎಲ್ಕಾನೊ. ಆದರೆ ನಿಮ್ಮ ಪಾಠ ತಪ್ಪಿದ್ದಕ್ಕೆ ನೀವು ಕಾರಣರಲ್ಲ. ಅದರ ಹಿಂದೆ ಒಬ್ಬ ದಿನಚರಿಕಾರನ ಮೌನ ಇದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ಒಂದು ವಿಷಯ ತಿಳಿಯಾಗಲಿ. ಭೂಮಿ ಸುತ್ತಬೇಕೆಂದು ಆ ಹಡಗುಗಳಲ್ಲಿ ಯಾರೂ ಹೊರಟಿರಲಿಲ್ಲ. ಹೊರಟದ್ದು ಲವಂಗಕ್ಕೆ. ಆಗ ಲವಂಗ ಬೆಳೆಯುತ್ತಿದ್ದದ್ದು ಇಂದಿನ ಇಂಡೋನೇಷ್ಯಾದ ಮೊಲುಕ್ಕ ದ್ವೀಪಗಳಲ್ಲಿ ಮಾತ್ರ. 1494ರ ಟೋರ್ಡೆಸಿಲ್ಲಾಸ್ ಒಪ್ಪಂದದಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ಅಣ್ಣತಮ್ಮಂದಿರು ಹಿತ್ತಿಲು ಪಾಲು ಮಾಡಿಕೊಂಡ ಹಾಗೆ ಕಡಲನ್ನು ಹಂಚಿಕೊಂಡಿದ್ದವು. ಆಫ್ರಿಕಾ ಬಳಸಿ ಪೂರ್ವಕ್ಕೆ ಹೋಗುವ ದಾರಿ ಪೋರ್ಚುಗಲ್ಲಿನದು. ಮೆಗಲನ್ ಹುಟ್ಟಿನಿಂದ ಪೋರ್ಚುಗೀಸನೇ. ಇಂದಿನ ಮಲೇಷ್ಯಾದ ಮಲಾಕ್ಕಾ ಬಂದರನ್ನು ಪೋರ್ಚುಗೀಸರು ಗೆದ್ದ 1511ರ ಯುದ್ಧದಲ್ಲಿ ಹೋರಾಡಿದವನು, ಮೊರಾಕ್ಕೊದಲ್ಲಿ ಗಾಯಗೊಂಡು ಕಾಲು ಕುಂಟಾದವನು. ಭತ್ಯೆ ಹೆಚ್ಚಿಸಿ ಎಂದು ಕೇಳಿದರೆ ದೊರೆ ಮ್ಯಾನುಯೆಲ್ ಕೊಡಲಿಲ್ಲ. 1517ರಲ್ಲಿ ಆತ ಗಡಿ ದಾಟಿ ಸೆವಿಲ್ಲಿಗೆ ಹೋದ. ಪಶ್ಚಿಮದಿಂದಲೇ ಮೊಲುಕ್ಕಕ್ಕೆ ದಾರಿ ಹುಡುಕಿಕೊಡುತ್ತೇನೆ ಎಂದು ಸ್ಪೇನಿನ ಹದಿನೆಂಟರ ಹರೆಯದ ದೊರೆ ಚಾರ್ಲ್ಸ್‌ನನ್ನು ಒಪ್ಪಿಸಿದ. ಹೋದ ದಾರಿಯಲ್ಲೇ ವಾಪಸು ಬರುವುದೆಂದೇ ಲೆಕ್ಕ, ಏಕೆಂದರೆ ಆಚೆಯ ಕಡಲು ಪರರದ್ದು.

1519ರ ಸೆಪ್ಟೆಂಬರ್ 20ರಂದು ಐದು ಹಡಗುಗಳು ಹೊರಟವು. ಮುಂದಿನ ಏಪ್ರಿಲ್‌ನಲ್ಲಿ ದಕ್ಷಿಣ ಅಮೆರಿಕದ ಸ್ಯಾನ್ ಹುಲಿಯಾನ್ ಕೊಲ್ಲಿಯಲ್ಲಿ ಸ್ಪೇನಿನ ಕಪ್ತಾನರು ದಂಗೆ ಎದ್ದರು. ಮೆಗಲನ್ ಅದನ್ನು ಕ್ರೂರವಾಗಿಯೇ ಅಡಗಿಸಿದ. ಒಬ್ಬ ಕಪ್ತಾನ ಇರಿತಕ್ಕೆ ಸತ್ತ, ಇನ್ನೊಬ್ಬನ ತಲೆ ಹೋಯಿತು, ಮೂರನೆಯವನನ್ನು ಒಬ್ಬ ಪಾದ್ರಿಯ ಜೊತೆ ಆ ಬರಡು ದಡದಲ್ಲಿ ಬಿಟ್ಟು ನಡೆದರು. ಉಳಿದವರನ್ನು ಕ್ಷಮಿಸಿದ, ಹಡಗು ನಡೆಸಲು ಕೈಗಳು ಬೇಕಲ್ಲ! ಹಾಗೆ ಕ್ಷಮೆ ಪಡೆದವರಲ್ಲಿ ಎಲ್ಕಾನೊ ಒಬ್ಬ. ಇದನ್ನು ನೆನಪಿಟ್ಟುಕೊಳ್ಳಿ.

ಖಂಡದ ತುದಿಯ ಜಲಸಂಧಿಯನ್ನು ಅವರು ಹೊಕ್ಕದ್ದು ಅಕ್ಟೋಬರ್ 21ಕ್ಕೆ, ಹೊರಬಿದ್ದದ್ದು ನವೆಂಬರ್ 28ಕ್ಕೆ. ಅಷ್ಟರಲ್ಲಿ ಒಂದು ಹಡಗು ಒಡೆದಿತ್ತು, ಇನ್ನೊಂದು ಕಳ್ಳತನದಿಂದ ಸ್ಪೇನಿಗೆ ತಿರುಗಿತ್ತು. ಎದುರಿನ ಕಡಲು ಶಾಂತವಾಗಿತ್ತು, ಅದಕ್ಕೇ ಪೆಸಿಫಿಕ್ ಎಂಬ ಹೆಸರು. ಅದರ ಅಗಲ ಮಾತ್ರ ಯಾರ ಲೆಕ್ಕಕ್ಕೂ ನಿಲುಕಿರಲಿಲ್ಲ. ಮೂರು ತಿಂಗಳು ಇಪ್ಪತ್ತು ದಿನ ತಾಜಾ ಆಹಾರದ ಮುಖ ಕಾಣಲಿಲ್ಲ. ಹಡಗಿನಲ್ಲಿದ್ದ ಇಟಲಿಯ ಆಂಟೋನಿಯೊ ಪಿಗಾಫೆಟ್ಟ ಬರೆದಿಟ್ಟ ಪ್ರಕಾರ, ತಿಂದ ಬಿಸ್ಕತ್ತು ಬಿಸ್ಕತ್ತಾಗಿ ಉಳಿದಿರಲಿಲ್ಲ, ಹುಳ ಬಿದ್ದ ಪುಡಿ, ಇಲಿ ಉಚ್ಚೆಯ ನಾತ. ಹಾಯಿಮರದ ಅಡ್ಡಮರಕ್ಕೆ ಹಗ್ಗ ಸವೆಯದಂತೆ ಸುತ್ತಿದ್ದ ಎತ್ತಿನ ತೊಗಲನ್ನು ಕಿತ್ತು, ನಾಲ್ಕೈದು ದಿನ ಸಮುದ್ರದ ನೀರಲ್ಲಿ ನೆನೆಹಾಕಿ, ಕೆಂಡದ ಮೇಲೆ ಸುಟ್ಟು ತಿಂದರು. ಮರದ ಹೊಟ್ಟನ್ನೂ ಬಿಡಲಿಲ್ಲ. ಒಂದು ಇಲಿಗೆ ಅರ್ಧ ಡುಕಾಟ್ ಚಿನ್ನ ಕೊಡುತ್ತೇನೆಂದರೂ ಇಲಿ ಸಿಗದು. ವಸಡು ಊದಿ ಹಲ್ಲು ಮುಚ್ಚಿಹೋಗಿ ಹತ್ತೊಂಬತ್ತು ಮಂದಿ ಸತ್ತರು. ಅದು ಸ್ಕರ್ವಿ, ಒಂದಷ್ಟು ನಿಂಬೆಹಣ್ಣಿದ್ದರೆ ಬದುಕುತ್ತಿದ್ದರು.

1521ರ ಮಾರ್ಚ್‌ನಲ್ಲಿ ಗುವಾಮ್ ದ್ವೀಪ ಸಿಕ್ಕಿತು. ಅಲ್ಲಿನವರು ಒಂದು ಸಣ್ಣ ದೋಣಿ ಒಯ್ದರು ಎಂಬ ಸಿಟ್ಟಿಗೆ ಮೆಗಲನ್ ಹಳ್ಳಿಗೆ ಬೆಂಕಿ ಹಚ್ಚಿಸಿ ಏಳು ಜನರನ್ನು ಕೊಲ್ಲಿಸಿದ. ಆಮೇಲೆ ಆ ದ್ವೀಪಗಳಿಗೆ 'ಕಳ್ಳರ ದ್ವೀಪಗಳು' ಎಂದು ಹೆಸರಿಟ್ಟರು. ಯಾರು ಯಾರಿಗೆ ಅನ್ನಬೇಕಿತ್ತೋ!

ಫಿಲಿಪ್ಪೀನ್ಸಿನಲ್ಲಿ ನನಗೆ ಈ ಕಥೆಯಲ್ಲೆಲ್ಲ ಬಹಳ ಇಷ್ಟವಾದ ಗಳಿಗೆ ಬರುತ್ತದೆ. ಮಲಾಕ್ಕಾದಿಂದ ಮೆಗಲನ್ ಒಬ್ಬ ಗುಲಾಮನನ್ನು ತಂದಿದ್ದ, ಇಟ್ಟ ಹೆಸರು ಎನ್ರಿಕ್. ಲಿಮಾಸಾವಾ ದ್ವೀಪದ ಬಳಿ ದೋಣಿಯಲ್ಲಿ ಬಂದವರನ್ನು ಅವನು ತನ್ನ ಮಲಯ ಭಾಷೆಯಲ್ಲಿ ಮಾತಾಡಿಸಿದ, ಅವರಿಗೆ ಅರ್ಥವಾಯಿತು. ಪಶ್ಚಿಮಕ್ಕೇ ಸಾಗಿ ಸಾಗಿ ಪೂರ್ವದ ಮಾತು ಕಿವಿಗೆ ಬಿತ್ತು. ಭೂಮಿ ಗುಂಡಗಿದೆ ಎನ್ನುವುದಕ್ಕೆ ಇದಕ್ಕಿಂತ ಚೆಂದದ ಸಾಕ್ಷಿ ನಾನು ಕಂಡಿಲ್ಲ.

ಸೆಬು ದ್ವೀಪದ ರಾಜ ಹುಮಾಬೊನ್ ಕ್ರೈಸ್ತನಾದ. ಅವನಿಗೆ ಮಣಿಯದ ಮ್ಯಾಕ್ಟನ್‌ನ ಮುಖಂಡ ಲಾಪುಲಾಪುವಿಗೆ ಬುದ್ಧಿ ಕಲಿಸಲು ಮೆಗಲನ್ ತಾನೇ ಹೊರಟ. ಬೇಡವೆಂದು ಜೊತೆಯವರು ಹೇಳಿದರೂ ಕೇಳಲಿಲ್ಲ. ಬಂಡೆ ಅಡ್ಡ ಬಂದು ದೋಣಿಗಳು ದೂರವೇ ನಿಂತವು, ತೊಡೆ ಮುಳುಗುವ ನೀರಲ್ಲಿ 49 ಜನ ನಡೆದರು, ಎದುರಿಗೆ ಸಾವಿರದೈನೂರು ಮಂದಿ. ಹೆದರಿಸಲೆಂದು ಮನೆಗಳಿಗೆ ಬೆಂಕಿ ಇಟ್ಟರು, ಅದರಿಂದ ಎದುರಾಳಿಗಳು ಇನ್ನಷ್ಟು ಕೆರಳಿದರು. ಮೆಗಲನ್‌ನ ಹೆಣವನ್ನೂ ಅವರು ಮರಳಿಸಲಿಲ್ಲ.

ನಿಮಗೆ ಭೂಪಟ ಇಷ್ಟವಿರಬೇಕು, ಅದಕ್ಕೇ ಇದನ್ನು ಹೇಳುತ್ತೇನೆ. ಮಲಾಕ್ಕಾ ಇರುವುದು ಸುಮಾರು 102 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಮ್ಯಾಕ್ಟನ್ 124ರಲ್ಲಿ. ಪೂರ್ವಕ್ಕೆ ಸಾಗಿ ಒಮ್ಮೆ ಮಲಾಕ್ಕಾ ಮುಟ್ಟಿದ್ದ ಮನುಷ್ಯ ಪಶ್ಚಿಮಕ್ಕೆ ಸಾಗಿ ಬಂದು ಬಿದ್ದದ್ದು ಅಲ್ಲಿಗೆ 22 ಡಿಗ್ರಿ ಈಚೆ. ಎನ್ರಿಕ್? ಒಡೆಯ ಸತ್ತರೆ ಬಿಡುಗಡೆ ಎಂದು ಉಯಿಲಿನಲ್ಲಿತ್ತು, ಹೊಸ ನಾಯಕರು ಬಿಡಲಿಲ್ಲ. ಮೇ 1ರಂದು ಸೆಬುವಿನ ಔತಣದಲ್ಲಿ ಅವರಲ್ಲಿ ಹಲವರು ಕೊಲೆಯಾದರು, ಎನ್ರಿಕ್ ದಾಖಲೆಗಳಿಂದಲೇ ಮಾಯವಾದ. ಅವನು ಅಲ್ಲಿಂದ ಮಲಾಕ್ಕಾದ ಮನೆಗೆ ಸೇರಿಕೊಂಡಿದ್ದರೆ ಭೂಮಿಯನ್ನು ಮೊದಲು ಸುತ್ತಿದವನು ಅವನೇ.

ಕೊನೆಗೆ 'ವಿಕ್ಟೋರಿಯಾ' ಹಡಗಿಗೆ ಲವಂಗ ತುಂಬಿ ಎಲ್ಕಾನೊ ಡಿಸೆಂಬರ್ 21ಕ್ಕೆ ಮೊಲುಕ್ಕ ಬಿಟ್ಟ. ಪೋರ್ಚುಗೀಸರ ಕಣ್ಣು ತಪ್ಪಿಸಿ ಅವರದೇ ಕಡಲಲ್ಲಿ ಆಫ್ರಿಕಾ ಬಳಸಿ ಹೋಗುವ ತೀರ್ಮಾನ, ಅಂದರೆ ಭೂಮಿ ಸುತ್ತುವ ತೀರ್ಮಾನ, ಅಲ್ಲಿ ಆದದ್ದು. ಆಫ್ರಿಕಾದ ಪಶ್ಚಿಮ ಕಡಲಿನ ಕೇಪ್ ವರ್ಡ್‌ನಲ್ಲಿ ಆಹಾರಕ್ಕೆ ನಿಂತಾಗ ಹಡಗಿನವರಿಗೆ ಬುಧವಾರ, ದಡದವರಿಗೆ ಗುರುವಾರ! ಒಂದು ದಿನವೂ ತಪ್ಪದೆ ದಿನಚರಿ ಬರೆದಿದ್ದ ಪಿಗಾಫೆಟ್ಟ ತಬ್ಬಿಬ್ಬಾದ. ಸೂರ್ಯ ಸಾಗುವ ಪಶ್ಚಿಮಕ್ಕೇ ಭೂಮಿ ಸುತ್ತಿದವರ ಲೆಕ್ಕದಲ್ಲಿ ಒಂದು ದಿನ ಕಮ್ಮಿಯಾಗುತ್ತದೆ. 1522ರ ಸೆಪ್ಟೆಂಬರ್ 6ರಂದು ಸ್ಪೇನಿನ ಬಂದರು ಮುಟ್ಟಿದವರು ಹದಿನೆಂಟು ಯುರೋಪಿಯನ್ನರು. ಹೊರಟವರು ಇನ್ನೂರನಲವತ್ತಕ್ಕೆ ಕಮ್ಮಿ ಇರಲಿಲ್ಲ. ದೊರೆ ಎಲ್ಕಾನೊನಿಗೆ ಭೂಗೋಳದ ಚಿತ್ರವಿರುವ ಲಾಂಛನ ಕೊಟ್ಟ. 'ನನ್ನನ್ನು ಮೊದಲು ಸುತ್ತಿದವನು ನೀನು' ಎಂದು ಲ್ಯಾಟಿನ್‌ನಲ್ಲಿ ಬರೆಸಿದ, ಜೊತೆಗೆ ಲವಂಗ, ಜಾಯಿಕಾಯಿ, ದಾಲ್ಚಿನ್ನಿಯ ಚಿತ್ರವೂ ಉಂಟು.

ಹಾಗಿದ್ದೂ ಮೆಗಲನ್ ಹೆಸರೇ ಏಕೆ ನಿಂತಿತು? ಪಿಗಾಫೆಟ್ಟನ ಬರಹದಲ್ಲಿ ಎಲ್ಕಾನೊ ಎಂಬ ಹೆಸರು ಒಂದೇ ಒಂದು ಸಲವೂ ಬರುವುದಿಲ್ಲ. ಸತ್ತ ನಾಯಕನನ್ನು 'ನಮ್ಮ ಕನ್ನಡಿ, ನಮ್ಮ ಬೆಳಕು' ಎಂದು ಅತ್ತ ಪಿಗಾಫೆಟ್ಟ, ಆ ನಾಯಕನ ಮೇಲೆ ದಂಗೆ ಎದ್ದವನಿಗೆ ಒಂದು ಸಾಲು ಕೊಡಲಿಲ್ಲ. ಜಗತ್ತು ಆ ದಿನಚರಿಯನ್ನೇ ಓದಿತು, ಅದು ಪಠ್ಯಪುಸ್ತಕಗಳಿಗೂ ಇಳಿದು ನಿಮ್ಮ ಕರಿಹಲಗೆಗೆ ಬಂತು. ಜಲಸಂಧಿಗೆ ಮೆಗಲನ್ ಹೆಸರು, ದಕ್ಷಿಣ ಆಕಾಶದ ಎರಡು ಮಸುಕು ನಕ್ಷತ್ರಮೇಘಗಳಿಗೂ ಅವನದೇ. ಆ ಮೇಘಗಳನ್ನು ದಕ್ಷಿಣ ಗೋಳಾರ್ಧದವರು ಸಾವಿರಾರು ವರ್ಷದಿಂದ ನೋಡುತ್ತಿದ್ದರು. ಮ್ಯಾಕ್ಟನ್‌ನಲ್ಲಿ ಮಾತ್ರ ಊರಿನ ಹೆಸರು ಲಾಪುಲಾಪು.

ಇನ್ನು ನಿಮ್ಮ ತಾ.ಕ. 1505ರಲ್ಲಿ ಪೋರ್ಚುಗಲ್ಲಿನ ಫ್ರಾನ್ಸಿಸ್ಕೊ ದ ಅಲ್ಮೇಡನ ನೌಕಾಪಡೆ ಕಾರವಾರದ ಎದುರಿನ ಅಂಜದೀವ್ ದ್ವೀಪಕ್ಕೆ ಬಂದು ಕೋಟೆ ಕಟ್ಟತೊಡಗಿತು. ಅಕ್ಟೋಬರ್‌ನಲ್ಲಿ ಶರಾವತಿಯ ಅಳಿವೆಗೆ ನುಗ್ಗಿ ಹೊನ್ನಾವರದ ಹಡಗುಗಳಿಗೆ ಬೆಂಕಿ ಇಟ್ಟಿತು. ಆ ಪಡೆಯ ಜೊತೆ ಲಿಸ್ಬನ್ನಿನಿಂದ ಹೊರಟವರಲ್ಲಿ, ಇಪ್ಪತ್ತೈದರ ಆಸುಪಾಸಿನ, ಯಾವ ಪದವಿಯೂ ಇಲ್ಲದ ಒಬ್ಬ ಯೋಧನಿದ್ದ. ಅವನೇ ಮೆಗಲನ್.