ಒಡಹುಟ್ಟಿದವರು ಕಾಣೆಯಾಗುವ ಕಾದಂಬರಿಯಲ್ಲಿ ಮನೆಯೊಳಗಿನ ಒಡಕನ್ನು ಹೇಗೆ ತೋರಿಸಲಿ?

ಅಕ್ಕ, ತಮ್ಮ ಇಬ್ಬರೂ ಒಂದೇ ರಾತ್ರಿ ಕಾಣೆಯಾಗುವ ಕಾದಂಬರಿ ಬರೆಯುತ್ತಿದ್ದೀರಿ, ಪತ್ತೇದಾರಿ ಭಾಗ ಸಲೀಸಾಗಿ ಸಾಗುತ್ತಿದೆ, ಆದರೆ ಹಿಂದೆ ಉಳಿದ ಮನೆಯವರಿಗೆ ಜೀವ ಬರುತ್ತಿಲ್ಲ ಎಂದು ಕೇಳಿದ್ದೀರಿ. ನಾನು ಕಾದಂಬರಿ ಬರೆದವಳಲ್ಲ. ನನ್ನಣ್ಣ 1999ರಲ್ಲಿ, 19ನೇ ವಯಸ್ಸಿನಲ್ಲಿ ಮನೆಬಿಟ್ಟು ಹೋದವನು ಇವತ್ತಿಗೂ ಬಂದಿಲ್ಲ. ಆಗ ನನಗೆ ಹದಿನಾಲ್ಕು.

ಕಾಣೆಯಾದವರು ಆ ಮನೆಯಲ್ಲಿ ಏನು ಮಾಡುತ್ತಿದ್ದರು ಅನ್ನುವುದನ್ನು ಮೊದಲು ಯೋಚಿಸಿ. ನಮ್ಮ ಅಪ್ಪ, ಅಮ್ಮ ನೇರವಾಗಿ ಮಾತಾಡಿದ್ದನ್ನು ನನಗೆ ಬುದ್ಧಿ ಬಂದಾಗಿನಿಂದ ನೋಡಿಲ್ಲ. "ನಿಮ್ಮಪ್ಪನಿಗೆ ಊಟಕ್ಕೆ ಬರಕ್ಕೆ ಹೇಳು", "ಸಂತೆಗೆ ಎಷ್ಟು ಬೇಕಂತೆ, ಕೇಳು ನಿಮ್ಮಮ್ಮನ್ನ" – ಎಲ್ಲವೂ ಅಣ್ಣನ ಮೂಲಕವೇ. ಮಾತು ದಾಟಿಸುವಾಗ ಅದರೊಳಗಿನ ಮುಳ್ಳನ್ನು ಅವನು ತೆಗೆದುಬಿಡುತ್ತಿದ್ದ. ಅವನು ಹೋದ ಮಾರನೇ ದಿನ ಒಲೆ ಮೇಲಿನ ಸಾರು ಆರಿ ತಣ್ಣಗಾಯಿತು, ಅಪ್ಪನನ್ನು ಊಟಕ್ಕೆ ಕರೆಯುವವರಿರಲಿಲ್ಲ. ಆಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಮುಳ್ಳು ತೆಗೆಯುವುದು ನನಗೆ ಗೊತ್ತಿರಲಿಲ್ಲ, ಕೇಳಿದ್ದನ್ನು ಕೇಳಿದ ಹಾಗೇ ಹೇಳಿಬಿಡುತ್ತಿದ್ದೆ. ಮನೆ ನಿಜವಾಗಿ ಒಡೆದದ್ದು ಆಗ.

ಇನ್ನೊಂದು, ಮನೆಯಲ್ಲಿ ಯಾರೋ ಒಬ್ಬರಿಗೆ ಏನೋ ಒಂದು ಗೊತ್ತಿರುತ್ತದೆ. ನಮ್ಮದು ತಿಪಟೂರು ಕಡೆ, ತೆಂಗಿನ ತೋಟದ ಮನೆ. ಉಂಡೆ ಕೊಬ್ಬರಿಗೆಂದು ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಬಿಡುತ್ತೇವೆ. ನೀರು ಇಂಗಿದ ಮೇಲೆ ಕಾಯಿ ಅಲ್ಲಾಡಿದರೆ ಒಳಗಿನ ಗಿಟುಕು ಗುಡುಗುಡು ಸದ್ದು ಮಾಡುತ್ತದೆ. ಆ ರಾತ್ರಿ ಅಟ್ಟದ ಮೇಲೆ ಕಾಯಿ ಉರುಳಿದ ಸದ್ದು ಕೇಳಿಸಿತು. ಅಣ್ಣ ಬ್ಯಾಗು ಅಲ್ಲಿ ಬಚ್ಚಿಟ್ಟಿದ್ದು ನನಗೆ ಗೊತ್ತಿತ್ತು. ಕಂಬಳಿ ಎಳೆದುಕೊಂಡು ಮಲಗಿದೆ.

ಪೊಲೀಸರು ಚಹರೆ ಕೇಳಿದಾಗ ಅಮ್ಮ ನೀಲಿ ಶರ್ಟು ಅಂದಳು. ಅವನು ಹಾಕಿಕೊಂಡು ಹೋದದ್ದು ಚೌಕಳಿ ಶರ್ಟು, ಅದರ ಗುಂಡಿ ಹೊಲಿದುಕೊಟ್ಟವಳೇ ನಾನು. ಬಾಯಿ ಬಿಡಲಿಲ್ಲ. ಹಿಡಿದು ತಂದರೆ ಅಪ್ಪ ಮತ್ತೆ ಬಾರುಕೋಲು ತೆಗೆಯುತ್ತಾನೆಂಬ ಭಯ. "ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ನೀಲಿ ಶರ್ಟು ಧರಿಸಿರುತ್ತಾನೆ" ಎಂದೇ ಪ್ರಕಟಣೆ ಅಚ್ಚಾಯಿತು.

ಹಾಗಂತ ಅಪ್ಪನನ್ನು ಬರೀ ಖಳನಾಯಕ ಮಾಡಿ ಮುಗಿಸಬೇಡಿ. ನಮ್ಮಪ್ಪ ಆಮೇಲೆ ಸಾಯುವತನಕ ರಾತ್ರಿ ತಲೆಬಾಗಿಲಿಗೆ ಚಿಲಕ ಹಾಕಲಿಲ್ಲ. ಸುಮ್ಮನೆ ಮುಂದಕ್ಕೆ ಎಳೆದು ಮಲಗುತ್ತಿದ್ದ.

ಕಾನೂನಿನ ವಿವರ ಸರಿಯಾಗಿರಲಿ. ನಿಮ್ಮ ಪಾತ್ರಗಳು 18 ತುಂಬದವರಾಗಿದ್ದು, ಕಥೆ 2013ರ ನಂತರದ್ದಾದರೆ, ಪೊಲೀಸರು ಎಫ್‌ಐಆರ್ ಹಾಕಲೇಬೇಕು. ಆ ವರ್ಷ ಸುಪ್ರೀಂ ಕೋರ್ಟ್ ಹಾಗೆ ಆದೇಶಿಸಿತು. ಏಳು ವರ್ಷದ ನಿಯಮವಂತೂ ನಿಮ್ಮಂಥ ಕಾದಂಬರಿಗೆ ಹೇಳಿ ಮಾಡಿಸಿದ್ದು. ಬದುಕಿದ್ದರೆ ಸಹಜವಾಗಿ ಯಾರಿಗೆ ಸುದ್ದಿ ಬರಬೇಕಿತ್ತೋ ಅವರಿಗೆ ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ, ಬದುಕಿದ್ದಾನೆ ಎನ್ನುವವರೇ ಅದನ್ನು ರುಜುವಾತು ಮಾಡಬೇಕು. 1872ರ ಸಾಕ್ಷ್ಯ ಅಧಿನಿಯಮದ 108ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದೆ. ಆದರೆ ಸತ್ತದ್ದು ಯಾವತ್ತು ಎಂಬುದನ್ನು ಕಾನೂನು ಊಹಿಸುವುದಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ತಿಥಿ ಮಾಡಲು ದಿನವೇ ಇಲ್ಲದ ಸಾವು. ನಮ್ಮ ಪುರೋಹಿತರು ಹನ್ನೆರಡು ವರ್ಷ ಕಾದು ದರ್ಭೆಯ ಗೊಂಬೆ ಮಾಡಿ ಸಂಸ್ಕಾರ ಮಾಡಬಹುದು ಅಂದರು. ಅಮ್ಮ ಎದ್ದು ಒಳಗೆ ಹೋದಳು. ಅಮೆರಿಕದ ಪಾಲೀನ್ ಬಾಸ್ ಎಂಬ ಸಂಶೋಧಕಿ, ವಿಯಟ್ನಾಂ ಯುದ್ಧದಲ್ಲಿ ಕಾಣೆಯಾದ ಪೈಲಟ್‌ಗಳ ಮನೆಯವರನ್ನು ಅಧ್ಯಯನ ಮಾಡಿ ಈ ಸ್ಥಿತಿಗೆ 'ಆಂಬಿಗ್ಯುಯಸ್ ಲಾಸ್', ಅಂದರೆ ಇದ್ದಾರೋ ಇಲ್ಲವೋ ತಿಳಿಯದ ಅಗಲಿಕೆ, ಎಂದು ಹೆಸರಿಟ್ಟರು. ಅವರು ಬರೆದದ್ದನ್ನು ಓದಿ, ನಿಮಗೆ ಅಮ್ಮನ ಪಾತ್ರ ಸಿಗುತ್ತದೆ.

2008ರಲ್ಲಿ ಅಪ್ಪ ತೀರಿಕೊಂಡಾಗ ತೋಟದ ಪೌತಿ ಖಾತೆ ಮಾಡಿಸಲು, ಅಂದರೆ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸಲು ಹೋದೆವು. ವಂಶವೃಕ್ಷದಲ್ಲಿ ಅಣ್ಣನ ಹೆಸರು ನೋಡಿ, "ಇವರ ಸಹಿ ಎಲ್ಲಿ?" ಅಂದರು ಕಚೇರಿಯವರು. ಒಂಬತ್ತು ವರ್ಷ ಆಯ್ತಲ್ಲ, ಸತ್ತಿದ್ದಾನೆ ಅಂತ ಘೋಷಿಸಲು ದಾವೆ ಹಾಕೋಣ, ಸುದ್ದಿಯೇ ಇಲ್ಲ ಅಂತ ಎಲ್ಲರೂ ಪ್ರಮಾಣ ಮಾಡಿದರಾಯಿತು ಎಂದ ಚಿಕ್ಕಪ್ಪ.

2003ರಲ್ಲಿ ಒಂದು ಮಧ್ಯಾಹ್ನ ಮನೆಗೆ ಫೋನು ಬಂದಿತ್ತು. ನಾನೇ ಎತ್ತಿದ್ದೆ. ಆ ಕಡೆ ಮಾತಿಲ್ಲ. ಯಾರೋ ಎರಡು ಸಲ ಸಣ್ಣಗೆ ಕೆಮ್ಮಿ ಇಟ್ಟರು. ಅಪ್ಪನ ಮಾತು ಅಮ್ಮನಿಗೆ ದಾಟಿಸುವ ಮೊದಲು ಅಣ್ಣ ಹಾಗೇ ಎರಡು ಸಲ ಕೆಮ್ಮುತ್ತಿದ್ದ. ಐದು ವರ್ಷ ಯಾರಿಗೂ ಹೇಳಿರಲಿಲ್ಲ. ಚಿಕ್ಕಪ್ಪ ಕಾಗದ ಮುಂದಿಟ್ಟ ದಿನ ಅಮ್ಮನಿಗೆ ಹೇಳಿದೆ, ಗುಂಡಿ ಹೊಲಿದದ್ದನ್ನೂ, ಅಟ್ಟದ ಸದ್ದನ್ನೂ.

ಅಮ್ಮ ಬೈಯಲಿಲ್ಲ. "ಯಾವ ಕೈಯಲ್ಲಿ ಫೋನು ಹಿಡಿದಿದ್ದೆ?" ಅಂತ ಕೇಳಿ, ಆ ಕೈ ಹಿಡಿದುಕೊಂಡು ಕೂತಳು. ಕಾಗದಕ್ಕೆ ಸಹಿ ಹಾಕಲಿಲ್ಲ. ಖಾತೆ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ.